‘ಸ್ಟ್ರೈವ್’ ಪದವನ್ನು ಸರಿಯಾಗಿ ಬಳಸುವುದು ಹೇಗೆ? ಉಚ್ಚಾರದಿಂದ ವಾಕ್ಯದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ‘ಕಷ್ಟಪಡು’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ‘ಅವನು ಕಷ್ಟಪಟ್ಟು ಓದಿದ’ ಎಂದರೆ ಮನಸ್ಸಿಟ್ಟು ದುಡಿದು ಓದಿದ. ‘ಗಂಡ ಹೋದ ಮೇಲೆ ಅವಳು ತುಂಬಾ ಕಷ್ಟಪಟ್ಟಳು’ ಎಂದರೆ ನೋವು ತಿಂದಳು, ತೊಂದರೆ ಅನುಭವಿಸಿದಳು. ಸಂದರ್ಭ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ, ಗೊಂದಲ ಆಗುವುದಿಲ್ಲ. ಇಂಗ್ಲಿಷ್ ಈ ಎರಡನ್ನೂ ಬೇರೆ ಬೇರೆ ಪದಗಳಿಗೆ ಹಂಚಿಕೊಟ್ಟಿದೆ. ಗುರಿ ಇಟ್ಟುಕೊಂಡು ಶ್ರಮಿಸುವುದು ‘ಸ್ಟ್ರೈವ್’. ದಾರಿ ಸಿಗದೆ ಹೆಣಗಾಡುವುದು ‘ಸ್ಟ್ರಗಲ್’. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳುವವರು ಎಡವುವುದು ಇಲ್ಲಿಯೇ. ಕೆಲಸದ ಸಂದರ್ಶನದಲ್ಲಿ ಒಬ್ಬ ಅಭ್ಯರ್ಥಿ ಜಾವಾ ಎಂಬ ಕಂಪ್ಯೂಟರ್ ಭಾಷೆಯ ಬಗ್ಗೆ ‘ಐ ಆಮ್ ಸ್ಟ್ರಗ್ಲಿಂಗ್ ವಿತ್ ಜಾವಾ’ ಎನ್ನುತ್ತಾನೆ. ಅವನ ಮನಸ್ಸಿನಲ್ಲಿರುವುದು ‘ಜಾವಾ ಕಲಿಯಲು ಶ್ರಮ ಹಾಕುತ್ತಿದ್ದೇನೆ’ ಎಂಬ ಹೆಮ್ಮೆಯ ಮಾತು. ಎದುರಿಗೆ ಕೂತವರ ಕಿವಿಗೆ ಬೀಳುವುದು ‘ಜಾವಾ ನನಗೆ ಬರುತ್ತಿಲ್ಲ’ ಎಂಬ ಒಪ್ಪಿಗೆ.

ಆದ್ದರಿಂದ ಈ ಪದವನ್ನು ಬುಡದಿಂದ ಕಲಿಯುವುದು ಲೇಸು. ಎಲ್ಲ ಇಂಗ್ಲಿಷ್ ಪದ, ವಾಕ್ಯಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಗಟ್ಟಿಯಾಗಿ ಓದಿಕೊಂಡು ಹೋಗಿ.

ಹಂತ 1: ಬಾಯಿಗೆ ತಂದುಕೊಳ್ಳಿ

ಅಕ್ಷರಗಳು ಎಸ್, ಟಿ, ಆರ್, ಐ, ವಿ, ಇ. ಕೊನೆಯ ‘ಇ’ಗೆ ಉಚ್ಚಾರ ಇಲ್ಲ. ಇಡೀ ಪದ ಒಂದೇ ಉಸಿರಿನ ಒಂದೇ ತುಂಡು.

ಆರಂಭದ ಮೂರು ವ್ಯಂಜನಗಳ ಒತ್ತಕ್ಷರ ಕನ್ನಡಿಗರಿಗೆ ಹೊಸದೇನಲ್ಲ. ‘ಸ್ತ್ರೀ’, ‘ಶಾಸ್ತ್ರ’, ‘ಅಸ್ತ್ರ’ ಹೇಳುವ ನಾಲಿಗೆಗೆ ಇದು ದಕ್ಕುತ್ತದೆ. ‘ಸ್ತ್ರೀ’ ಎಂದು ಶುರುಮಾಡಿ, ‘ತ’ಕಾರದ ಜಾಗದಲ್ಲಿ ನಾಲಿಗೆಯ ತುದಿಯನ್ನು ಹಲ್ಲಿನಿಂದ ತುಸು ಹಿಂದಕ್ಕೆ, ವಸಡಿನ ಉಬ್ಬಿಗೆ ತಾಗಿಸಿ. ನಮ್ಮ ‘ಟ’ಕಾರದಷ್ಟು ಒಳಕ್ಕೆ ಮಡಚುವುದು ಬೇಡ. ‘ಇಸ್ಟ್ರೈವ್’, ‘ಸಟ್ರೈವ್’ ಎಂದು ಮುಂದೆ ಅಥವಾ ನಡುವೆ ಸ್ವರ ಸೇರಿಸಬೇಡಿ.

ತೊಡಕು ಇರುವುದು ಕೊನೆಯಲ್ಲಿ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ‘ಸ್ಟ್ರೈವು’ ಎಂದು ಉಕಾರ ಸೇರಿಬಿಡುತ್ತದೆ. ಮೇಲಿನ ಹಲ್ಲನ್ನು ಕೆಳತುಟಿಗೆ ಮೆಲ್ಲಗೆ ತಾಗಿಸಿ, ಗಂಟಲಿನ ಕಂಪನ ಇರುವಾಗಲೇ ನಿಲ್ಲಿಸಿ. ಕಂಪನ ತಪ್ಪಿದರೆ ಅದು ‘ಸ್ಟ್ರೈಫ್’ ಎಂದು ಕೇಳುತ್ತದೆ. ಅದು ಬೇರೆಯೇ ಪದ, ಅರ್ಥ ಕಲಹ. ಇವೆರಡನ್ನು ಬೇರೆಯಾಗಿ ಕೇಳಿಸುವ ಒಂದು ಉಪಾಯವಿದೆ: ‘ಸ್ಟ್ರೈವ್’ನ ‘ಐ’ ಸ್ವಲ್ಪ ಎಳೆದಂತೆ ಇರಲಿ, ‘ಸ್ಟ್ರೈಫ್’ನ ‘ಐ’ ಚುಟುಕಾಗಿರಲಿ. ಇಂಗ್ಲಿಷಿನವರು ಕೊನೆಯ ವ್ಯಂಜನಕ್ಕಿಂತ ಹೆಚ್ಚಾಗಿ ಈ ಎಳೆತದಿಂದಲೇ ಪದವನ್ನು ಗುರುತು ಹಿಡಿಯುತ್ತಾರೆ.

ಹಂತ 2: ಮೂರು ರೂಪಗಳನ್ನು ಗಟ್ಟಿ ಮಾಡಿ

ವರ್ತಮಾನ: ಸ್ಟ್ರೈವ್. ಭೂತ: ಸ್ಟ್ರೋವ್. ಹ್ಯಾವ್, ಹ್ಯಾಡ್ ಜೊತೆಗೆ: ಸ್ಟ್ರಿವನ್. ಇಂಗ್ ರೂಪ: ಸ್ಟ್ರೈವಿಂಗ್, ಬರೆಯುವಾಗ ಕೊನೆಯ ‘ಇ’ ಬಿಡಬೇಕು.

ನೆನಪಿಗೆ ‘ಡ್ರೈವ್, ಡ್ರೋವ್, ಡ್ರಿವನ್’ ಜಾಡು ಸಾಕು. ಅದು ಬಂದರೆ ಇದೂ ಬಂದ ಹಾಗೆ. ‘ಸ್ಟ್ರಿವನ್’ ಪದವನ್ನು ‘ಸ್ಟ್ರೈವನ್’ ಎಂದು ಓದುವವರು ತುಂಬಾ ಜನ. ‘ಗಿವನ್’ನಲ್ಲಿ ಇರುವಂಥ ಹ್ರಸ್ವ ‘ಇ’ ಇಲ್ಲಿರುವುದು.

ಇದರಲ್ಲಿ ಒಂದು ಚೆಂದದ ಸಂಗತಿ ಅಡಗಿದೆ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಕ್ರಿಯಾಪದಗಳು ಬಹುಮಟ್ಟಿಗೆ ‘ಎಡ್’ ಹಚ್ಚಿಕೊಂಡೇ ಭೂತಕಾಲಕ್ಕೆ ಹೋಗುತ್ತವೆ. ‘ಸ್ಟ್ರೈವ್’ ಮಾತ್ರ ಹಳೆಯ ಫ್ರೆಂಚಿನಿಂದ ಬಂದಿದ್ದರೂ, ಇಂಗ್ಲಿಷಿನ ಮನೆಮಗನಾದ ‘ಡ್ರೈವ್’ನ ನಡಿಗೆಯನ್ನೇ ಕಲಿತು ಒಳಗಿನ ಸ್ವರ ಬದಲಿಸಿಕೊಳ್ಳುತ್ತದೆ. ಇಂಥ ಉದಾಹರಣೆ ಬಲು ಅಪರೂಪ.

‘ಸ್ಟ್ರೈವ್ಡ್’ ತಪ್ಪೇ? ಅಲ್ಲ. ಅಮೆರಿಕದ ನಿಘಂಟುಗಳು ಅದನ್ನೂ ಒಪ್ಪುತ್ತವೆ. ಆದರೆ ನಮ್ಮ ಶಾಲೆ, ಸ್ಪರ್ಧಾತ್ಮಕ ಪರೀಕ್ಷೆಗಳು ಬ್ರಿಟಿಷ್ ರೂಢಿಯನ್ನು ಅನುಸರಿಸುವುದರಿಂದ ‘ಸ್ಟ್ರೋವ್’, ‘ಸ್ಟ್ರಿವನ್’ ಬರೆದರೆ ಯಾರೂ ಗೆರೆ ಎಳೆಯುವುದಿಲ್ಲ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ. ‘ಹ್ಯಾಡ್ ಸ್ಟ್ರೋವ್’ ಮಾತ್ರ ಎಲ್ಲಿಯೂ ಸರಿಯಲ್ಲ. ‘ಹ್ಯಾಡ್ ಸ್ಟ್ರಿವನ್’ ಎಂದೇ ಆಗಬೇಕು. ತಪ್ಪು ಹುಡುಕುವ ಪ್ರಶ್ನೆಗಳಿಗೆ ಇದು ಹೇಳಿಮಾಡಿಸಿದ ಜಾಗ.

ಹಂತ 3: ಅರ್ಥದ ಮೂರು ಕಟ್ಟುಗಳು

ನಿಘಂಟು ತೆರೆದರೆ ‘ಶ್ರಮಿಸು, ಪ್ರಯತ್ನಿಸು, ಹೋರಾಡು’ ಎಂದಿರುತ್ತದೆ. ಇಷ್ಟರಿಂದ ಪದವನ್ನು ಬಳಸಲು ಬರುವುದಿಲ್ಲ. ‘ಸ್ಟ್ರೈವ್’ ಸರಿಯಾಗಿ ಕೂರಬೇಕಾದರೆ ಮೂರು ಸಂಗತಿ ಇರಬೇಕು.

ಮೊದಲನೆಯದು, ದೊಡ್ಡದೊಂದು ಗುರಿ. ಗುಣಮಟ್ಟ, ನ್ಯಾಯ, ಶಾಂತಿ, ನಿಖರತೆ, ಸಮಾನತೆ, ಪರಿಪೂರ್ಣತೆ ಇಂಥವು. ಬಾಟಲಿಯ ಮುಚ್ಚಳ ತೆಗೆಯಲು ಯಾರೂ ‘ಸ್ಟ್ರೈವ್’ ಮಾಡುವುದಿಲ್ಲ. ಅದಕ್ಕೆ ‘ಟ್ರೈ’ ಸಾಕು, ಮುಚ್ಚಳ ಬಿಗಿಯಾಗಿದ್ದರೆ ‘ಸ್ಟ್ರಗಲ್’.

ಎರಡನೆಯದು, ಕಾಲ. ಒಂದು ಸಲದ ಕೆಲಸಕ್ಕೆ ಈ ಪದ ಒಗ್ಗದು. ದಿನ, ತಿಂಗಳು, ವರ್ಷಗಟ್ಟಲೆ ಬಿಡದೆ ನಡೆಯುವ ಶ್ರಮ ಇದರ ಬಗಲಿಗಿದೆ. ಆದ್ದರಿಂದಲೇ ‘ಕಾನ್‌ಸ್ಟಂಟ್ಲಿ’, ‘ಆಲ್ವೇಸ್’, ‘ಕಂಟಿನ್ಯುವಲಿ’ ಪದಗಳು ಇದರ ಪಕ್ಕದಲ್ಲಿ ಸಹಜವಾಗಿ ಬಂದು ಕೂರುತ್ತವೆ. ಅದೇ ‘ಸಡನ್ಲಿ’ ಹಚ್ಚಿ ನೋಡಿ, ವಾಕ್ಯ ಕುಂಟುತ್ತದೆ.

ಮೂರನೆಯದೇ ಮುಖ್ಯ: ಫಲದ ಬಗ್ಗೆ ಮೌನ. ‘ಸ್ಟ್ರೈವ್’ ಶ್ರಮದ ಮಾತು ಕೊಡುತ್ತದೆ, ಫಲಿತಾಂಶದ ಮಾತು ಕೊಡುವುದಿಲ್ಲ. ಗೆದ್ದರು ಎಂದೂ ಹೇಳುವುದಿಲ್ಲ, ಸೋತರು ಎಂದೂ ಹೇಳುವುದಿಲ್ಲ.

ಇದಕ್ಕೆ ನಮ್ಮ ಸಂವಿಧಾನಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ. 38ನೇ ವಿಧಿಯ ಇಂಗ್ಲಿಷ್ ಪಠ್ಯ ‘ದ ಸ್ಟೇಟ್ ಶಾಲ್ ಸ್ಟ್ರೈವ್ ಟು ಪ್ರಮೋಟ್ ದ ವೆಲ್ಫೇರ್ ಆಫ್ ದ ಪೀಪಲ್’ ಎಂದು ಶುರುವಾಗುತ್ತದೆ. ಜನರ ಕಲ್ಯಾಣವನ್ನು ಹೆಚ್ಚಿಸಲು ರಾಜ್ಯವು ಶ್ರಮಿಸಬೇಕು ಎಂಬುದು ತಾತ್ಪರ್ಯ. ‘ಶಾಲ್ ಪ್ರಮೋಟ್’ ಎಂದು ನೇರವಾಗಿ ಬರೆಯದೆ ನಡುವೆ ‘ಸ್ಟ್ರೈವ್ ಟು’ ಏಕೆ ಬಂತು? ಇದು ರಾಜ್ಯನೀತಿಯ ನಿರ್ದೇಶಕ ತತ್ವಗಳ ಭಾಗ. ಈ ತತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು ಬರುವುದಿಲ್ಲ, ಆದರೂ ಆಡಳಿತಕ್ಕೆ ಇವು ಮೂಲಭೂತ ಎಂದು 37ನೇ ವಿಧಿ ಹೇಳುತ್ತದೆ. ಅಂಥ ಕರ್ತವ್ಯಕ್ಕೆ ತಕ್ಕ ಕ್ರಿಯಾಪದ ಇದೇ: ಶ್ರಮಪಡುವುದು ಕಡ್ಡಾಯ, ಇಂಥ ದಿನಕ್ಕೆ ಫಲ ಕೈಗೆ ಬರಬೇಕೆಂಬ ಗಡುವು ಇಲ್ಲ. 1978ರ 44ನೇ ತಿದ್ದುಪಡಿ ಇದೇ ವಿಧಿಗೆ ಎರಡನೆಯ ಉಪವಿಧಿ ಸೇರಿಸಿತು. ಅಲ್ಲಿ ಆದಾಯದ ಅಸಮಾನತೆ ಕಡಿಮೆ ಮಾಡಲು ‘ಸ್ಟ್ರೈವ್’, ಸ್ಥಾನಮಾನ, ಸೌಲಭ್ಯ, ಅವಕಾಶಗಳ ಅಸಮಾನತೆ ತೊಡೆದುಹಾಕಲು ‘ಎಂಡೆವರ್’, ಅಂದರೆ ಯತ್ನಿಸು. ಎರಡು ಪದಗಳೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ.

ಮೂಲಭೂತ ಕರ್ತವ್ಯಗಳ 51ಎ ವಿಧಿಯನ್ನೂ ಓದಿ. ಅದು 1976ರ 42ನೇ ತಿದ್ದುಪಡಿಯಿಂದ ಬಂದದ್ದು. ಸ್ವಾತಂತ್ರ್ಯ ಹೋರಾಟದ ಆದರ್ಶಗಳನ್ನು ಹೇಳುವಾಗ ಅಲ್ಲಿ ‘ನ್ಯಾಷನಲ್ ಸ್ಟ್ರಗಲ್ ಫಾರ್ ಫ್ರೀಡಂ’ ಎಂದಿದೆ, ಏಕೆಂದರೆ ಎದುರಿಗೆ ಒಬ್ಬ ಎದುರಾಳಿ ಇದ್ದ. ಅದೇ ವಿಧಿಯ ಇನ್ನೊಂದು ಕಲಂ ನಾಗರಿಕರು ಎಲ್ಲ ಕ್ಷೇತ್ರಗಳಲ್ಲಿ ‘ಸ್ಟ್ರೈವ್ ಟುವರ್ಡ್ಸ್ ಎಕ್ಸಲೆನ್ಸ್’ ಮಾಡಬೇಕು ಎನ್ನುತ್ತದೆ. ಅಲ್ಲಿ ಎದುರಾಳಿ ಇಲ್ಲ, ಏರಬೇಕಾದ ಎತ್ತರ ಇದೆ. ಕೆಎಎಸ್ ಪರೀಕ್ಷೆಗೆ ಓದುವವರು ಈ ವಿಧಿಗಳನ್ನು ಹೇಗೂ ಓದುತ್ತಾರೆ. ಕ್ರಿಯಾಪದಗಳ ಮೇಲೆ ಕಣ್ಣಿಟ್ಟು ಓದಿದರೆ ಸಂವಿಧಾನವೂ ತಲೆಗೆ ಹೋಗುತ್ತದೆ, ಇಂಗ್ಲಿಷೂ ಬರುತ್ತದೆ.

ಹಂತ 4: ಮುಂದಿನ ಪದವನ್ನು ಕನ್ನಡದ ಪ್ರತ್ಯಯದಿಂದ ಕಂಡುಹಿಡಿಯಿರಿ

‘ಸ್ಟ್ರೈವ್’ ಅಕರ್ಮಕ ಕ್ರಿಯಾಪದ. ಅದರ ಬೆನ್ನಿಗೇ ನಾಮಪದ ನಿಲ್ಲದು. ‘ಸ್ಟ್ರೈವ್ ಸಕ್ಸೆಸ್’ ತಪ್ಪು. ನಡುವೆ ಒಂದು ಕೊಂಡಿ ಬೇಕು. ಯಾವ ಕೊಂಡಿ ಎಂಬುದನ್ನು ನಿಮ್ಮ ಕನ್ನಡ ವಾಕ್ಯವೇ ಹೇಳಿಕೊಡುತ್ತದೆ.

‘ಸುಧಾರಿಸಲು ಶ್ರಮಿಸು’ ಎಂದು ‘-ಅಲು’ ಬಂದರೆ ‘ಟು’ ಮತ್ತು ಬರಿಯ ಕ್ರಿಯಾಪದ: ‘ಸ್ಟ್ರೈವ್ ಟು ಇಂಪ್ರೂವ್’. ಈ ಪದದ ಅತಿ ಹೆಚ್ಚಿನ ಬಳಕೆ ಇದೇ. ಇಲ್ಲಿ ‘ಟು ಇಂಪ್ರೂವಿಂಗ್’ ಬರೆಯಬಾರದು.

‘ಶಾಂತಿಗಾಗಿ ಶ್ರಮಿಸು’ ಎಂದು ‘-ಗಾಗಿ, -ಕ್ಕಾಗಿ’ ಬಂದರೆ ‘ಫಾರ್’ ಮತ್ತು ನಾಮಪದ: ‘ಸ್ಟ್ರೈವ್ ಫಾರ್ ಪೀಸ್’. ‘ಸ್ಟ್ರೈವ್ ಫಾರ್ ಅಚೀವಿಂಗ್’ ಎಂದು ಇಂಗ್ ರೂಪ ತಂದರೆ ವಾಕ್ಯ ಜಡವಾಗುತ್ತದೆ. ‘ಸ್ಟ್ರೈವ್ ಟು ಅಚೀವ್’ ಎಂದುಬಿಡಿ.

‘-ದತ್ತ, ಕಡೆಗೆ’ ಬಂದರೆ ‘ಟುವರ್ಡ್ಸ್’. ಗುರಿ ದೂರದಲ್ಲಿದೆ, ಹೆಜ್ಜೆ ಇಡುತ್ತಿದ್ದೇವೆ ಎಂಬ ಭಾವ. ಇದರ ಮುಂದೆ ಇಂಗ್ ರೂಪ ಬರಬಹುದು.

‘ವಿರುದ್ಧ’ ಬಂದರೆ ‘ಅಗೇನ್‌ಸ್ಟ್’: ಅನ್ಯಾಯದ ವಿರುದ್ಧ, ವಿಧಿಯ ವಿರುದ್ಧ. ‘ಆಫ್ಟರ್’ ಕೂಡ ಇದೆ, ಅರ್ಥದಲ್ಲಿ ‘ಫಾರ್’ಗೆ ಹತ್ತಿರ, ಆದರೆ ಹಳೆಯ ಗದ್ಯದ ವಾಸನೆ ಹೊತ್ತಿದೆ. ಇಂದಿನ ಪತ್ರವ್ಯವಹಾರದಲ್ಲಿ ಅದು ಬೇಡ.

ಉಳಿದದ್ದು ‘ವಿತ್’. ಇದರಲ್ಲಿ ಪದದ ಹುಟ್ಟಿನ ನೆನಪಿದೆ. ಹಳೆಯ ಫ್ರೆಂಚಿನಲ್ಲಿ ಇದರ ಮೂಲಪದಕ್ಕೆ ಜಗಳವಾಡು, ಪೈಪೋಟಿ ನಡೆಸು ಎಂಬ ಅರ್ಥ ಇತ್ತು. ‘ಸ್ಟ್ರೈಫ್’ ಅದರ ಒಡಹುಟ್ಟು. 1611ರ ಇಂಗ್ಲಿಷ್ ಬೈಬಲಿನಲ್ಲಿ ಗೆರಾರಿನ ದನಗಾಹಿಗಳು ಬಾವಿಯ ನೀರಿಗಾಗಿ ಇಸಾಕನ ದನಗಾಹಿಗಳೊಂದಿಗೆ ‘ಸ್ಟ್ರೈವ್ ವಿತ್’ ಮಾಡಿದರು ಎಂಬ ಅರ್ಥದ ಮಾತು ಬರುತ್ತದೆ. ಅಲ್ಲಿ ‘ಶ್ರಮಿಸಿದರು’ ಎಂದು ಓದಿದರೆ ಕಥೆಯೇ ಕೆಟ್ಟಿತು, ಅದು ಜಗಳ. ಕನ್ನಡದಲ್ಲಿ ಇದಕ್ಕೆ ಸರಿಸಾಟಿ ‘ಸೆಣಸು’. ಹಳೆಯ ಪಠ್ಯಗಳಲ್ಲಿ ‘ವಿತ್’ ಕಂಡಾಗ ‘ಸೆಣಸು’ ಹಾಕಿ ಓದಿ, ಕೀಲು ಸರಿಯಾಗಿ ಕೂರುತ್ತದೆ. ನೀವು ಬರೆಯುವಾಗ ಮಾತ್ರ ಈ ಅರ್ಥದಲ್ಲಿ ಬಳಸಬೇಡಿ.

ಹಂತ 5: ಕನ್ನಡ ವಾಕ್ಯದಿಂದ ಹೊರಟು ಇಂಗ್ಲಿಷ್ ಪದ ಆರಿಸಿ

ಕನ್ನಡದಲ್ಲಿ ಶ್ರಮಕ್ಕೆ ಇರುವ ಪದಗಳ ಸಂಪತ್ತು ದೊಡ್ಡದು. ಯಾವುದಕ್ಕೆ ಯಾವುದು ಎಂದು ಕೂಡಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

‘ಶ್ರಮಿಸು’ ಇದ್ದಲ್ಲಿ ‘ಸ್ಟ್ರೈವ್’. ಎರಡಕ್ಕೂ ಒಂದೇ ಗಾಂಭೀರ್ಯ. ಮನೆಮಾತಿನಲ್ಲಿ ನಾವು ‘ಶ್ರಮಿಸ್ತೀನಿ’ ಎನ್ನುವುದು ಕಡಿಮೆ, ಇಂಗ್ಲಿಷಿನವರೂ ಮಾತಿನಲ್ಲಿ ‘ಸ್ಟ್ರೈವ್’ ಬಳಸುವುದು ಕಡಿಮೆ. ‘ಸಂಜೆ ಬೇಗ ಬರೋಕೆ ನೋಡು’ ಎಂಬುದಕ್ಕೆ ‘ಟ್ರೈ ಟು ಕಮ್ ಅರ್ಲಿ’. ಗೆಳೆಯನಿಗೆ ‘ಸ್ಟ್ರೈವ್ ಟು ಕಮ್ ಅರ್ಲಿ’ ಎಂದರೆ ಸುತ್ತೋಲೆ ಓದಿದ ಹಾಗೆ ಕೇಳುತ್ತದೆ.

‘ಹೆಣಗು, ಒದ್ದಾಡು, ಏಗು, ಪರದಾಡು’ ಇದ್ದಲ್ಲಿ ‘ಸ್ಟ್ರಗಲ್’. ‘ಸಾಲ ತೀರಿಸೋಕೆ ಏಗ್ತಿದ್ದಾರೆ’ ಎಂದರೆ ‘ದೇ ಆರ್ ಸ್ಟ್ರಗ್ಲಿಂಗ್ ಟು ರೀಪೇ ದ ಲೋನ್’. ಇಲ್ಲಿ ಆಯಾಸ, ಅಡ್ಡಿ, ಸೋಲಿನ ಭಯ ಮೂರೂ ಇವೆ. ಗುಂಪಾಗಿ ನಡೆಸುವ ‘ಹೋರಾಟ’ಕ್ಕೂ ಇದೇ ಪದ, ಅಲ್ಲಿ ಗೌರವದ ಅರ್ಥ ಬರುತ್ತದೆ. ಒಬ್ಬ ವ್ಯಕ್ತಿ ಒಂದು ವಿಷಯದ ಜೊತೆ ‘ಸ್ಟ್ರಗಲ್ ವಿತ್’ ಎಂದಾಗ ಮಾತ್ರ ಅವನಿಗೆ ಅದು ಕೈಹಿಡಿಯುತ್ತಿಲ್ಲ ಎಂದರ್ಥ.

‘ದುಡಿ, ಬೆವರು ಸುರಿಸು’ ಇದ್ದಲ್ಲಿ, ಅದು ಮೈಮುರಿಯುವ ದುಡಿಮೆಯಾದರೆ, ‘ಟಾಯ್ಲ್’. ಗದ್ದೆ, ಗಣಿ, ಇಟ್ಟಿಗೆ ಗೂಡಿನ ದುಡಿಮೆ ಅದು. ‘ಲೇಬರ್’ ಕೂಡ ದುಡಿಮೆಯೇ, ಆದರೆ ಹುಷಾರಾಗಿರಿ: ‘ಶೀ ಈಸ್ ಇನ್ ಲೇಬರ್’ ಎಂದರೆ ಹೆರಿಗೆ ನೋವು ಬಂದಿದೆ ಎಂದು. ಆಸ್ಪತ್ರೆಯ ‘ಲೇಬರ್ ರೂಮ್’ ಫಲಕ ನೆನಪಿದ್ದರೆ ತಪ್ಪಾಗದು. ‘ತಿಣುಕು’ವುದಕ್ಕೆ ‘ಸ್ಟ್ರೇನ್’, ಸ್ನಾಯು ಉಳುಕುವವರೆಗೂ ಅದರ ವ್ಯಾಪ್ತಿ.

‘ಯತ್ನಿಸು’ ಎಂಬುದಕ್ಕೆ ‘ಎಂಡೆವರ್’ ಬಹಳ ಹೊಂದುತ್ತದೆ. ಇದು ‘ಸ್ಟ್ರೈವ್’ಗಿಂತಲೂ ಔಪಚಾರಿಕ, ನಾಮಪದವಾಗಿಯೂ ಬಳಸಬಹುದು. ಬ್ರಿಟಿಷ್ ಕಾಗುಣಿತದಲ್ಲಿ ಕೊನೆಗೆ ಓ, ಯು, ಆರ್. ಅಮೆರಿಕದಲ್ಲಿ ‘ಯು’ ಇಲ್ಲ. 1992ರಲ್ಲಿ ಮೊದಲ ಬಾರಿ ಹಾರಿದ ಅಮೆರಿಕದ ಬಾಹ್ಯಾಕಾಶ ನೌಕೆ ಎಂಡೆವರ್ ಹೆಸರಿನಲ್ಲಿ ಮಾತ್ರ ‘ಯು’ ಇದೆ, ಏಕೆಂದರೆ ಅದು ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಹಡಗಿನ ಹೆಸರು. ಕರಾರುಪತ್ರಗಳಲ್ಲಿ ಈ ಪದಕ್ಕೆ ತೂಕ ಹೆಚ್ಚು. ಇಂಗ್ಲೆಂಡಿನ ಕಾನೂನಿನಲ್ಲಿ ‘ಬೆಸ್ಟ್ ಎಂಡೆವರ್ಸ್’ ಎಂದು ಒಪ್ಪಿದವರ ಹೊಣೆ ‘ರೀಸನಬಲ್ ಎಂಡೆವರ್ಸ್’ ಎಂದು ಒಪ್ಪಿದವರ ಹೊಣೆಗಿಂತ ಹೆಚ್ಚು. ಬೆಂಗಳೂರಿನ ಕಂಪನಿಗಳಲ್ಲಿ ವಿದೇಶಿ ಗ್ರಾಹಕರ ಕರಾರು ನೋಡುವವರು ಈ ವಿಶೇಷಣಗಳನ್ನು ವಕೀಲರಿಗೆ ತೋರಿಸದೆ ಒಪ್ಪಬಾರದು.

‘ಕಷ್ಟಪಟ್ಟು ಓದಿ ಪಾಸಾದಳು’ ಎಂಬಲ್ಲಿ ಫಲ ಬಂದಾಗಿದೆ. ಫಲ ಹೇಳುವ ಇಂಥ ವಾಕ್ಯಕ್ಕೆ ಸರಳವಾದ ‘ಸ್ಟಡೀಡ್ ಹಾರ್ಡ್ ಆ್ಯಂಡ್ ಪಾಸ್ಡ್’ ಚೆನ್ನ. ಇಲ್ಲೊಂದು ದುಬಾರಿ ತಪ್ಪು ಕಾದಿದೆ: ‘ವರ್ಕ್ಡ್ ಹಾರ್ಡ್ಲಿ’. ‘ಲಿ’ ಸೇರಿದರೆ ‘ಕಷ್ಟಪಟ್ಟು’ ಆಗುವುದಿಲ್ಲ; ‘ಹಾರ್ಡ್ಲಿ’ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ‘ಹಾರ್ಡ್ ವರ್ಕ್’ ಬರೆಯುವಾಗ ಎರಡು ಪದಗಳಾಗಿ ಬಿಡಿಸಿ ಬರೆಯಿರಿ, ಅಂಟಿಸಬೇಡಿ.

ಹಂತ 6: ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು

ಸಂಸ್ಥೆಯ ಧ್ಯೇಯವಾಕ್ಯ, ಭಾಷಣ, ವಾರ್ಷಿಕ ವರದಿಯ ಮುನ್ನುಡಿ, ಪ್ರಬಂಧ: ಇವು ಈ ಪದದ ಸ್ವಂತ ಮನೆ. ಸದಾಕಾಲದ ಬದ್ಧತೆ ಹೇಳುವಾಗ ‘ವಿ ಸ್ಟ್ರೈವ್ ಟು’ ಎಂಬ ಸರಳ ವರ್ತಮಾನ ಬಳಸಿ. ಕನ್ನಡದ ‘ಶ್ರಮಿಸುತ್ತಿದ್ದೇವೆ’ ಎಂಬುದನ್ನು ಅನುಸರಿಸಿ ಎಲ್ಲೆಡೆ ‘ವಿ ಆರ್ ಸ್ಟ್ರೈವಿಂಗ್’ ಬರೆದರೆ, ಇದು ಸದ್ಯಕ್ಕೆ ಮಾತ್ರ ನಡೆಯುತ್ತಿರುವ ಕೆಲಸ ಎಂಬ ಛಾಯೆ ಬರುತ್ತದೆ.

ಉದ್ಯೋಗದ ಅರ್ಜಿಯಲ್ಲಿ ಇದರ ಬೆಲೆ ಕಡಿಮೆ. ಕಾರಣ ಹಂತ 3ರಲ್ಲೇ ಇದೆ: ಪದ ಫಲ ಹೇಳುವುದಿಲ್ಲ, ಉದ್ಯೋಗ ಕೊಡುವವರು ನೋಡುವುದು ಫಲವನ್ನು. ‘ಐ ಸ್ಟ್ರೈವ್ ಫಾರ್ ಎಕ್ಸಲೆನ್ಸ್’ ಎಂಬ ಸಾಲಿನ ಜಾಗದಲ್ಲಿ ನೀವು ಮಾಡಿ ಮುಗಿಸಿದ ಒಂದು ಕೆಲಸ, ಅದರಿಂದ ಆದ ಬದಲಾವಣೆ, ಅದರ ಅಳತೆ ಬರೆಯಿರಿ. ಅರ್ಜಿಯ ಜೊತೆಗಿನ ಪತ್ರದಲ್ಲಿ ಒಮ್ಮೆ ಬಳಸಿದರೆ ಸಾಕು.

ಗ್ರಾಹಕರಿಗೆ ಸೂಚನೆ ಬರೆಯುವವರು ಇನ್ನೂ ಎಚ್ಚರದಿಂದ ಇರಬೇಕು. ‘ವಿ ಸ್ಟ್ರೈವ್ ಟು ರಿಪ್ಲೈ ವಿದಿನ್ ಟು ವರ್ಕಿಂಗ್ ಡೇಸ್’ ಎಂದರೆ ಎರಡು ದಿನದೊಳಗೆ ಉತ್ತರಿಸಲು ನೋಡುತ್ತೇವೆ ಎಂದು ಮಾತ್ರ. ಖಚಿತವಾಗಿ ಉತ್ತರಿಸುತ್ತೀರಾದರೆ ‘ವಿ ವಿಲ್ ರಿಪ್ಲೈ’ ಎಂದೇ ಬರೆಯಿರಿ. ಅದೇ ರೀತಿ ನೀವು ಗ್ರಾಹಕರಾಗಿ ಇಂಥ ಸಾಲು ಓದಿದಾಗ ಅದನ್ನು ಖಾತರಿ ಎಂದು ತಿಳಿಯಬೇಡಿ.

ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ‘ಶ್ರಮಿಸು’ ಮೊದಲ ಆಯ್ಕೆ. ‘ಎಂಡೆವರ್’ ಕೂಡ ಜೊತೆಗಿದ್ದರೆ ಅದಕ್ಕೆ ‘ಯತ್ನಿಸು’ ಕೊಡಿ. ಎರಡಕ್ಕೂ ‘ಪ್ರಯತ್ನಿಸು’ ಹಾಕಿದರೆ 38ನೇ ವಿಧಿಯಂಥ ವಾಕ್ಯ ಮಾತು ಮರುಕಳಿಸಿದಂತೆ ಕಾಣುತ್ತದೆ.

ಹಂತ 7: ಪದೇ ಪದೇ ಆಗುವ ತಪ್ಪುಗಳು

‘ಹೀ ಟುಕ್ ಎ ಲಾಟ್ ಆಫ್ ಸ್ಟ್ರೈವ್’: ಇಂದಿನ ಇಂಗ್ಲಿಷಿನಲ್ಲಿ ‘ಸ್ಟ್ರೈವ್’ ನಾಮಪದವಲ್ಲ. ‘ಶ್ರಮ ತೆಗೆದುಕೊಂಡ’ ಎಂಬ ಕನ್ನಡ ಇದರ ಹಿಂದಿದೆ. ‘ಹೀ ಮೇಡ್ ಎ ಗ್ರೇಟ್ ಎಫರ್ಟ್’ ಎನ್ನಿ. ನಾಮಪದವೇ ಬೇಕಿದ್ದರೆ ‘ಸ್ಟ್ರೈವಿಂಗ್’ ಇದೆ. ನಾಮಪದ ಬೇಕೆಂದು ‘ಸ್ಟ್ರೈಫ್’ ಹಾಕಿದರಂತೂ ಶ್ರಮ ಹೋಗಿ ಕಲಹ ಬಂದು ಕೂರುತ್ತದೆ.

‘ಸಕ್ಸೆಸ್ ವಾಸ್ ಸ್ಟ್ರಿವನ್ ಬೈ ದೆಮ್’: ಅಕರ್ಮಕವಾದ್ದರಿಂದ ಹೀಗೆ ಕರ್ಮಣಿ ಪ್ರಯೋಗ ಆಗುವುದಿಲ್ಲ. ‘ದೇ ಸ್ಟ್ರೋವ್ ಫಾರ್ ಸಕ್ಸೆಸ್’.

‘ಪುಟ್ ಎಫರ್ಟ್ಸ್’: ‘ಎಫರ್ಟ್ ಹಾಕು’ ಎಂಬ ನಮ್ಮ ಆಡುಮಾತಿನ ನೆರಳು. ‘ಪುಟ್ ಇನ್ ಎಫರ್ಟ್’ ಅಥವಾ ‘ಮೇಕ್ ಆ್ಯನ್ ಎಫರ್ಟ್’ ಸರಿ.

‘ಥ್ರೈವ್’ ಜೊತೆ ಗೊಂದಲ: ‘ಥ್ರೈವ್’ ಎಂದರೆ ಹುಲುಸಾಗಿ ಬೆಳೆ, ಏಳಿಗೆ ಹೊಂದು. ಮಲೆನಾಡಿನ ಮಳೆಗೆ ಅಡಿಕೆ ‘ಥ್ರೈವ್’ ಆಗುತ್ತದೆ. ಅದನ್ನು ಕೊಳೆರೋಗದಿಂದ ಉಳಿಸಲು ಬೆಳೆಗಾರ ವರ್ಷವರ್ಷವೂ ‘ಸ್ಟ್ರೈವ್’ ಮಾಡುತ್ತಾನೆ.

‘ಸ್ಟ್ರೈವ್ ಹಾರ್ಡ್’: ತಪ್ಪಲ್ಲ, ಬಳಕೆಯಲ್ಲಿದೆ. ಆದರೆ ‘ಹಾರ್ಡ್’ ಅರ್ಥ ಪದದೊಳಗೇ ಇರುವುದರಿಂದ ಬಿಟ್ಟರೆ ವಾಕ್ಯ ಬಿಗಿಯಾಗುತ್ತದೆ.

ಹಂತ 8: ಕೈಗೆ ಹತ್ತಿಸಿಕೊಳ್ಳಲು ಐದು ವಾಕ್ಯ

ಉತ್ತರ ಮುಚ್ಚಿಕೊಂಡು ಮೊದಲು ನೀವೇ ಬರೆಯಿರಿ. ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರು: ಗುರಿ ದೊಡ್ಡದೇ? ಶ್ರಮ ದೀರ್ಘವೇ? ಫಲ ಹೇಳದೆ ಬಿಡುತ್ತಿದ್ದೇನೆಯೇ? ಮೂರಕ್ಕೂ ಹೌದು ಎಂದರೆ ಮಾತ್ರ ‘ಸ್ಟ್ರೈವ್’.

‘ನಮ್ಮ ಶಾಲೆ ಪ್ರತಿ ಮಗುವಿಗೂ ಒಳ್ಳೆಯ ಶಿಕ್ಷಣ ಕೊಡಲು ಶ್ರಮಿಸುತ್ತದೆ.’ ಮೂರಕ್ಕೂ ಹೌದು. ‘ಅವರ್ ಸ್ಕೂಲ್ ಸ್ಟ್ರೈವ್ಸ್ ಟು ಗಿವ್ ಎವ್ರಿ ಚೈಲ್ಡ್ ಎ ಗುಡ್ ಎಜುಕೇಷನ್.’ ಶಾಲೆ ಏಕವಚನ, ಆದ್ದರಿಂದ ಕೊನೆಗೆ ‘ಸ್’.

‘ಬೆಳಿಗ್ಗೆಯಿಂದ ಈ ಬೀಗ ತೆಗೆಯೋಕೆ ಒದ್ದಾಡ್ತಿದೀನಿ.’ ಗುರಿ ಚಿಕ್ಕದು, ಅಡ್ಡಿ ಇದೆ. ‘ಐ ಹ್ಯಾವ್ ಬೀನ್ ಸ್ಟ್ರಗ್ಲಿಂಗ್ ಟು ಓಪನ್ ದಿಸ್ ಲಾಕ್ ಸಿನ್ಸ್ ಮಾರ್ನಿಂಗ್.’ ಬೆಳಿಗ್ಗೆಯಿಂದ ಈವರೆಗೆ ನಡೆದಿರುವುದರಿಂದ ‘ಐ ಆಮ್ ಸ್ಟ್ರಗ್ಲಿಂಗ್’ ಸಾಲದು.

‘ನಾನು ಇಂಗ್ಲಿಷ್ ಕಲಿಯಲು ಕಷ್ಟಪಡುತ್ತಿದ್ದೇನೆ.’ ಮೊದಲು ಕನ್ನಡದಲ್ಲೇ ತೀರ್ಮಾನಿಸಿ. ಶ್ರಮ ಹಾಕುತ್ತಿದ್ದೀರಾದರೆ ‘ಐ ಆಮ್ ವರ್ಕಿಂಗ್ ಹಾರ್ಡ್ ಟು ಲರ್ನ್ ಇಂಗ್ಲಿಷ್’. ತಲೆಗೆ ಹತ್ತುತ್ತಿಲ್ಲವಾದರೆ ‘ಐ ಆಮ್ ಸ್ಟ್ರಗ್ಲಿಂಗ್ ಟು ಲರ್ನ್ ಇಂಗ್ಲಿಷ್’.

‘ಅವರು ಜೀವನವಿಡೀ ಸಮಾನತೆಗಾಗಿ ಶ್ರಮಿಸಿದರು.’ ‘-ಗಾಗಿ’ ಇದೆ, ಭೂತಕಾಲ. ‘ದೇ ಸ್ಟ್ರೋವ್ ಫಾರ್ ಈಕ್ವಾಲಿಟಿ ಆಲ್ ದೇರ್ ಲೈವ್ಸ್.’

‘ವರ್ಷಗಳಿಂದ ಶ್ರಮಿಸುತ್ತ ಬಂದಿದ್ದೇವೆ, ಆದರೆ ಇನ್ನೂ ತಲುಪಿಲ್ಲ.’ ‘ವಿ ಹ್ಯಾವ್ ಸ್ಟ್ರಿವನ್ ಫಾರ್ ಇಯರ್ಸ್, ಬಟ್ ವಿ ಆರ್ ನಾಟ್ ದೇರ್ ಯೆಟ್.’ ಇಲ್ಲಿ ‘ಸ್ಟ್ರೋವ್’ ಹಾಕಿದರೆ ಶ್ರಮ ಎಂದೋ ನಿಂತುಹೋಗಿದೆ ಎಂದಾಗುತ್ತದೆ. ‘ಹ್ಯಾವ್ ಸ್ಟ್ರಿವನ್’ ಎಂದಾಗ ಅದು ಇವತ್ತಿನವರೆಗೂ ನಡೆದುಬಂದಿದೆ.